ದುಡ್ಡು ಕೊಟ್ಟರೇ ರುಚಿ

ಇಂಗ್ಲಿಷಿನಲ್ಲಿ ‘ಕೇಟ್ಸ್’ ಎಂದೊಂದು ಹಳೇ ಪದವಿದೆ. ವಿಶೇಷ ತಿನಿಸು, ಭಕ್ಷ್ಯ ಅಂತ ಅರ್ಥ. ಇಂಗ್ಲಿಷರೇ ಅದನ್ನು ಮರೆತು ಕೂತಿದ್ದಾರೆ, ಹಾಗಾಗಿ ಚನ್ನಗಿರಿಯ ಹೋಟೆಲ್ ಬೋರ್ಡಿಗೆ ಇನ್ನೂ ಬಂದಿಲ್ಲವೆಂದು ನಾವೇನೂ ಬೇಜಾರಾಗಬೇಕಿಲ್ಲ. ಷೇಕ್ಸ್‌ಪಿಯರ್ ‘ದಿ ಟೇಮಿಂಗ್ ಆಫ್ ದಿ ಶ್ರೂ’ ನಾಟಕದಲ್ಲಿ ನಾಯಕಿ ಕೇಟ್‌ಳ ಹೆಸರಿಗೇ ಇದನ್ನು ತಳುಕು ಹಾಕಿದ್ದಾನೆ. ಹೆಣ್ಣು ನೋಡಲು ಹೋದವನು ಹೆಣ್ಣನ್ನೇ ತಿಂಡಿಗೆ ಹೋಲಿಸುವುದು! ನಮ್ಮ ಕಡೆ ಹಾಗಂದಿದ್ದರೆ ಉಪ್ಪಿಟ್ಟಿನ ತಟ್ಟೆಯನ್ನೂ ವಾಪಸ್ ಒಳಗೆ ಒಯ್ಯುತ್ತಿದ್ದರು.

ಮಜಾ ಇರುವುದು ಪದದ ಬೇರಿನಲ್ಲಿ. ಹಳೇ ಫ್ರೆಂಚಿನ ‘ಕೊಳ್ಳು’ ಎಂಬ ಮಾತಿನಿಂದ ಹುಟ್ಟಿದ್ದಂತೆ. ಮನೆಯಲ್ಲಿ ಬೇಯಿಸಿದ್ದಲ್ಲ, ಪೇಟೆಯಲ್ಲಿ ಕೊಂಡು ತಂದದ್ದು. ಅದಕ್ಕೇ ಅದು ಭಕ್ಷ್ಯ.

ಫ್ರೆಂಚ್ ಬಾರದಿದ್ದರೂ ಹೊನ್ನಾಳಿ, ನ್ಯಾಮತಿಯ ಮಕ್ಕಳಿಗೆ ಈ ಸತ್ಯ ಯಾವತ್ತೋ ಗೊತ್ತಿತ್ತು. ಅವ್ವ ಬೆಳಗಿನಿಂದ ಬೆವರು ಸುರಿಸಿ ಒತ್ತಿದ ಶಾವಿಗೆಗೆ ‘ಮತ್ತೆ ಇದೇನಾ?’ ಎಂಬ ಮುಖ. ಅಪ್ಪ ಸಂತೆಯಿಂದ ಟವೆಲ್ಲಿನಲ್ಲಿ ಕಟ್ಟಿ ತಂದ ಮಂಡಕ್ಕಿ-ಖಾರಕ್ಕೆ ಮಾತ್ರ ಮನೆಮಂದಿಯೆಲ್ಲ ಸುತ್ತ. ಮಂಡಕ್ಕಿ ಎಂದರೆ ಏನು? ದಾವಣಗೆರೆಯ ಭಟ್ಟಿಯಲ್ಲಿ ಹುರಿದು ಉಬ್ಬಿಸಿದ ಅಕ್ಕಿ, ಮುಕ್ಕಾಲು ಪಾಲು ಗಾಳಿ. ಅದಕ್ಕೆ ಹುರಿಗಡಲೆ ಪುಡಿ ಉದುರಿಸಿ ‘ನರ್ಗಿಸ್’ ಎಂದು ಸಿನಿಮಾ ತಾರೆಯಂಥ ಹೆಸರಿಟ್ಟು, ಪಕ್ಕಕ್ಕೊಂದು ಬಿಸಿ ಮಿರ್ಚಿ ಕೊಟ್ಟರೆ, ಮನೆಯ ಹೋಳಿಗೆಯೂ ಮೂಲೆಗೆ.

ಈ ಊರುಗಳೆಲ್ಲ ಒಂದೇ ಜಿಲ್ಲೆಗೆ ಸೇರಿದ್ದು ಆಮೇಲೆ: 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾಯಿತು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ಸರ್ಕಾರ ನಕ್ಷೆ ಕೂಡಿಸಿತೇ ಹೊರತು ತಟ್ಟೆ ಕೂಡಿಸಲಿಲ್ಲ. ಸೂಳೆಕೆರೆ ನೀರು ಕುಡಿದ ಚನ್ನಗಿರಿಯ ಅಡಿಕೆ ತೋಟದವರು ‘ಊಟ ಆದ ಮೇಲೆ ಎಲೆಯಡಿಕೆ ಹಾಕ್ಕಳಿ’ ಎಂದು ಉಪಚರಿಸಿದರೆ, ಮಳೆಗಾಗಿ ಆಕಾಶ ನೋಡುವ ಜಗಳೂರಿನವರು ‘ಮೊದಲು ಊಟ ಬರ್ಲಿ ಯಜಮಾನ್ರೇ’ ಅಂದಾರು.

ಈಗ ಆ ಜಗಳೂರಿನವರೇ ನಗುವ ಕಾಲ ಬಂದಿದೆ. ನವಣೆ ಒಣಭೂಮಿಯವರ ಹೊಟ್ಟೆಪಾಡಿನ ಕಾಳಾಗಿತ್ತು; ನೆಂಟರು ಬಂದರೆ ಅದನ್ನು ಒಳಗಿಟ್ಟು ನೆಲ್ಲಕ್ಕಿ ಅನ್ನ ಮಾಡುತ್ತಿದ್ದರು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯ ವರ್ಷವೆಂದು ಸಾರಿದ್ದೇ ತಡ, ಅದೇ ನವಣೆ ಬೆಂಗಳೂರಿನ ಅಂಗಡಿಯಲ್ಲಿ ಅರ್ಧ ಕೆ.ಜಿ. ಪೊಟ್ಟಣದೊಳಗೆ ಫೋಟೊ ತೆಗೆಸಿಕೊಂಡು ಕೂತಿತು. ಊರಿನಲ್ಲಿ ಅಜ್ಜಿ ಬಡಿಸಿದರೆ ‘ಬ್ಯಾಡಬೇ’ ಎನ್ನುತ್ತಿದ್ದ ಮೊಮ್ಮಗ ಅಲ್ಲಿ ಕಾರ್ಡು ಉಜ್ಜಿ ಕೊಳ್ಳುತ್ತಾನೆ. ಅಜ್ಜಿಯ ಕೈರುಚಿಗೆ ಇದ್ದ ಕೊರತೆ ಒಂದೇ: ಬಿಲ್ಲು ಕೊಡುತ್ತಿರಲಿಲ್ಲ.

ಆದ್ದರಿಂದ ಜಗಳೂರು ಕಡೆಯ ಅಜ್ಜಿಯರಲ್ಲಿ ನನ್ನದೊಂದು ಅರಿಕೆ: ಇನ್ನು ಮುಂದೆ ಮೊಮ್ಮಕ್ಕಳಿಗೆ ಪುಕ್ಕಟೆ ಬಡಿಸಬೇಡಿ. ತಟ್ಟೆಗಿಷ್ಟು ಎಂದು ಬಾಗಿಲಲ್ಲೇ ವಸೂಲಿ ಮಾಡಿ, ಜಿಎಸ್‌ಟಿ ಬೇಕಾದರೆ ಬಿಟ್ಟುಬಿಡಿ.