ಹೋಳಿಗೆಯ ಮರುದಿನ

ಯುಗಾದಿಯ ಮಾರನೇ ಬೆಳಿಗ್ಗೆ ರಾಯರು ತೂಕದ ಯಂತ್ರದಿಂದ ಇಳಿದು ಪಂಚೆಯ ಗಂಟು ಸಡಿಲಿಸಿಕೊಂಡರು.

"ಲೇ, ಎರಡು ಕಿಲೋ ಜಾಸ್ತಿ ಆಗಿದೀನಿ ಕಣೇ! ಇವತ್ತಿಂದ ಬರೀ ಬಿಸಿನೀರು."

"ರೀ, ಒಂದೂಟಕ್ಕೆ ಎರಡು ಕಿಲೋ ಕೊಬ್ಬು ಬರಲ್ಲ. ಹಪ್ಪಳ, ಸಂಡಿಗೆ, ಉಪ್ಪಿನಕಾಯಿ ಬಿಡದೆ ತಿಂದ್ರಲ್ಲ, ಆ ಉಪ್ಪು ಹಿಡಿದಿಟ್ಟ ನೀರೂ ಸೇರಿದೆ. ಎರಡು ಮೂರು ದಿನಕ್ಕೆ ಇಳಿಯತ್ತೆ. ಹೊತ್ತಿಗೆ ಸರಿಯಾಗಿ ಮಾಮೂಲಿ ಊಟ ಮಾಡಿ, ಸಾಕು."

"ಪ್ರಾಯಶ್ಚಿತ್ತ ಬೇಡ್ವೇನೇ? ಏಕಾದಶಿ ಮಾಡ್ತೀನಿ."

"ಇವತ್ತಿನ್ನೂ ಬಿದಿಗೆ! ಅಲ್ಲದೆ ನಿಮ್ಮ ಏಕಾದಶಿ ನಾನು ಕಂಡಿಲ್ವೇ? ಬೆಳಿಗ್ಗೆ ಅವಲಕ್ಕಿ, ಮಧ್ಯಾಹ್ನ ಸಬ್ಬಕ್ಕಿ ಪಾಯಸ, ರಾತ್ರಿ ತುಪ್ಪ ಸುರಿದ ಉಪ್ಪಿಟ್ಟು."

(ಅನ್ನ ನಿಷಿದ್ಧ, ಅದೇ ಅಕ್ಕಿ ಚಪ್ಪಟೆಯಾದರೆ ಪಾವನ. ನಮ್ಮ ಶಾಸ್ತ್ರ ಹಸಿದವರ ಪರ.)

"ಹೋದ ಗೌರಿಹಬ್ಬದ ಮರುದಿನವೂ ಉಪವಾಸ ಅಂದ್ರಿ. ಹನ್ನೊಂದು ಗಂಟೆಗೆ ಕೋಡುಬಳೆ ಡಬ್ಬ ಖಾಲಿ!"

"ಹಸಿವಾಗಿತ್ತು ಕಣೇ."

"ಅದಕ್ಕೇ ಹೇಳಿದ್ದು, ಹೊಟ್ಟೆ ಕಾಯಿಸಬೇಡಿ ಅಂತ. ಒಂದು ಮುದ್ದೆ, ಸೊಪ್ಪಿನ ಪಲ್ಯ, ಮಜ್ಜಿಗೆ ಕೊಡ್ತೀನಿ. ಸಂಜೆ ಕೆರೆ ಏರಿ ಮೇಲೆ ಎರಡು ಸುತ್ತು."

"ನಿನ್ನೆಯ ಒಬ್ಬಟ್ಟಿನ ಸಾರು?"

"ಇದೆ. ಕುದಿಸಿಟ್ಟಿದೀನಿ."

"ಸಾರು ದ್ರವಾಹಾರ ತಾನೇ? ಎರಡು ಲೋಟ ತಾ. ನೆಂಚಿಕೊಳ್ಳೋಕೆ ಒಂದೇ ಒಂದು ಹೋಳಿಗೆ!"