ಗಂಗೋತ್ರಿಗೊಬ್ಬ ಗೈಡು

ಪಿಯುಸಿಯಲ್ಲಿ ಒಳ್ಳೆಯ ಅಂಕ ತೆಗೆದ ಮಗಳು ಎಂಜಿನಿಯರಿಂಗ್ ಬೇಡ, ಪ್ರಾಣಿಶಾಸ್ತ್ರ ಓದುತ್ತೇನೆ ಎಂದರೆ ನೆಂಟರು ಮನೆಗೆ ಬರುವ ರೀತಿಯೇ ಬದಲಾಗುತ್ತದೆ. ಸೂತಕದ ಮನೆಗೆ ಬಂದವರಂತೆ ಮೆಲ್ಲಗೆ ಒಳಬಂದು, "ಸಿಇಟಿ ಬರೆದಿದ್ಲಲ್ವಾ? ರ‍್ಯಾಂಕ್ ಬರ್ಲಿಲ್ವಾ?" ಎಂದು ನನ್ನ ಕಿವಿಯ ಹತ್ತಿರ ಕೇಳುತ್ತಾರೆ. ಬಂದಿದೆ ಎಂದರೆ ಅವರ ದುಃಖ ಇಮ್ಮಡಿಸುತ್ತದೆ. ನಮ್ಮ ಭಾವನವರಂತೂ ಬಿ.ಎಸ್ಸಿ. ಎಂಬ ಡಿಗ್ರಿ ಇನ್ನೂ ಚಾಲ್ತಿಯಲ್ಲಿದೆಯೇ ಎಂದು ಬಹಳ ಮುಗ್ಧವಾಗಿ ವಿಚಾರಿಸಿದರು.

ನನಗೆ ಮಾತ್ರ ಒಳಗೊಳಗೇ ಖುಷಿ. ಅವಳು ಆರಿಸಿಕೊಂಡದ್ದು ಮೈಸೂರಿನ ಯುವರಾಜ ಕಾಲೇಜು. ನಾನು ಮಾನಸಗಂಗೋತ್ರಿಯಲ್ಲಿ ಕನ್ನಡ ಎಂ.ಎ. ಮಾಡಿದ ಮೈಸೂರು ವಿಶ್ವವಿದ್ಯಾನಿಲಯದ್ದೇ ಅದು. "ನಡಿಯೇ, ನಾನೇ ತೋರಿಸ್ತೀನಿ. ಗಂಗೋತ್ರಿಯ ಒಂದೊಂದು ಮರಾನೂ ನಂಗೆ ಗೊತ್ತು" ಎಂದು ಹೊರಡಿಸಿದೆ. ಮರಗಳ ವಿಷಯಕ್ಕೆ ಆಮೇಲೆ ಬರುತ್ತೇನೆ.

ನಾನು ಹಾಸ್ಟೆಲಿನಿಂದ ಊರಿಗೆ ಓಡಾಡುತ್ತಿದ್ದಾಗ ಬೆಂಗಳೂರು ಮೈಸೂರು ದಾರಿಯೆಂದರೆ ಊರುಗಳ ಸಾಲು. ಚನ್ನಪಟ್ಟಣದ ಬೊಂಬೆ, ಮದ್ದೂರಿನ ವಡೆ, ಮಂಡ್ಯದಲ್ಲಿ ಕಬ್ಬಿನ ಲಾರಿಯ ಹಿಂದೆ ತೆವಳುವ ಕೆಂಪು ಬಸ್ಸು. 2023ರಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ಈ ಊರುಗಳನ್ನೆಲ್ಲ ಪಕ್ಕಕ್ಕೆ ಸರಿಸಿಬಿಟ್ಟಿದೆ. ಮದ್ದೂರು ಬಂತೇ ಎಂದು ಕತ್ತು ಹೊರಳಿಸುವಷ್ಟರಲ್ಲಿ ಹೋಗಿಯೇ ಆಗಿತ್ತು. "ಟೈಮ್ ಎಷ್ಟು ಉಳೀತು ನೋಡಮ್ಮಾ" ಎಂದಳು ಮಗಳು. ಉಳಿದ ಹೊತ್ತನ್ನು ವಡೆಯಿಲ್ಲದೆ ಹೇಗೆ ಕಳೆಯಬೇಕೆಂದು ಹೆದ್ದಾರಿ ಕಟ್ಟಿದವರು ಎಲ್ಲೂ ಬೋರ್ಡು ಹಾಕಿಲ್ಲ.

ಯುವರಾಜ ಕಾಲೇಜಿನ ಆಫೀಸಿನಲ್ಲಿ ಎಲ್ಲ ಅವಳದೇ ಕಾರುಬಾರು. ಹಾಸ್ಟೆಲ್, ಲ್ಯಾಬು, ಯಾವ ವಿಷಯದ ಜೊತೆ ಯಾವುದು. ಪ್ರಶ್ನೆಗಳ ಪಟ್ಟಿ ಮೊಬೈಲಿನಲ್ಲಿತ್ತು. ನನ್ನದು ಒಂದೇ ಗೊಂದಲ: ಡಿಗ್ರಿ ಈಗ ಮೂರು ವರ್ಷವೋ ನಾಲ್ಕೋ? 2021ರಲ್ಲಿ ನಾಲ್ಕಕ್ಕೆ ಏರಿಸಿದ್ದನ್ನು ಸರ್ಕಾರ 2024ರಲ್ಲಿ ಮತ್ತೆ ಮೂರಕ್ಕೆ ಇಳಿಸಿದೆಯಂತೆ. ಮಹಾರಾಜ ಕಾಲೇಜಿನ ಆರ್.ಕೆ. ನಾರಾಯಣ್ ಯಾವ ಶಿಕ್ಷಣ ನೀತಿಯ ಹಂಗೂ ಇಲ್ಲದೆ ಮೂರು ವರ್ಷದ ಬಿ.ಎ.ಯನ್ನು ನಾಲ್ಕು ವರ್ಷ ಓದಿ 1930ರಲ್ಲಿ ಮುಗಿಸಿದರು. ಅದಕ್ಕೂ ಮೊದಲು ಪ್ರವೇಶ ಪರೀಕ್ಷೆಯಲ್ಲೇ ನಪಾಸಾಗಿ ಒಂದು ವರ್ಷ ಮನೆಯಲ್ಲಿ ಓದುತ್ತ ಬರೆಯುತ್ತ ಇದ್ದರು ಎಂದು ಹೊರಗೆ ಬಂದ ಮೇಲೆ ಹೇಳಿದೆ. "ಅಮ್ಮಾ, ನೀನು ನಂಗೆ ಧೈರ್ಯ ಹೇಳ್ತಿದೀಯೋ, ಐಡಿಯಾ ಕೊಡ್ತಿದೀಯೋ?" ಎಂದಳು.

ಕಥೆಯ ದಿಕ್ಕು ಬದಲಿಸುವುದು ಕ್ಷೇಮವೆನಿಸಿತು. ಮಹಾರಾಜ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಕಲಿಸುತ್ತಿದ್ದ ರಾಧಾಕೃಷ್ಣನ್ 1921ರಲ್ಲಿ ಕಲ್ಕತ್ತೆಗೆ ಹೊರಟಾಗ ಹುಡುಗರು ಅವರ ಗಾಡಿಯ ಕುದುರೆ ಬಿಚ್ಚಿ, ತಾವೇ ರೈಲ್ವೆ ಸ್ಟೇಷನ್ನಿನವರೆಗೆ ಎಳೆದುಕೊಂಡು ಹೋದದ್ದನ್ನು ವರ್ಣಿಸಿದೆ. "ನೀವೂ ನಿಮ್ಮ ಮೇಷ್ಟ್ರನ್ನ ಹಾಗೆ ಎಳೆದಿದ್ರಾ?" ಎಂದು ಕೇಳಿದಳು. ಎಳೆದಿಲ್ಲ, ತಳ್ಳಿದ್ದೇವೆ. ನಮ್ಮ ಮೇಷ್ಟ್ರೊಬ್ಬರ ಸ್ಕೂಟರು ಮಳೆ ಬಂದರೆ ಮುನಿಸಿಕೊಳ್ಳುತ್ತಿತ್ತು. ನಾವು ಹಿಂದಿನಿಂದ ತಳ್ಳುತ್ತಿದ್ದರೆ ಅವರು ಸೀಟಿನ ಮೇಲೆ ಕೂತು, ಕ್ಲಾಸಿನಲ್ಲಿ ಅರ್ಧಕ್ಕೆ ನಿಂತಿದ್ದ ಪಂಪನನ್ನು ಅಲ್ಲಿಂದಲೇ ಮುಂದುವರಿಸುತ್ತಿದ್ದರು. ಇಂಜಿನು ಹತ್ತಿಕೊಂಡಾಗ ಕರ್ಣನ ಸ್ಥಿತಿ ಏನಾಗಿತ್ತೆಂದು ನಮಗೆ ಮುಂದಿನ ವಾರವೇ ಗೊತ್ತಾಗುತ್ತಿತ್ತು.

ಆಮೇಲೆ ಮಾನಸಗಂಗೋತ್ರಿ. ಕುವೆಂಪು ಕುಲಪತಿಯಾಗಿದ್ದಾಗ ಹೆಸರಿಟ್ಟು, 1960ರಲ್ಲಿ ಶುರುವಾದ, 700 ಎಕರೆಗೂ ಮಿಕ್ಕ ಜಾಗ. ನಾನು ಪೂರ್ಣಾವತಾರದ ಗೈಡಾದೆ. ಇದು ರೌಂಡ್ ಕ್ಯಾಂಟೀನು, ಎರಡು ಕಾಫಿ ತರಿಸಿ ಐದು ಜನ ಕುಡಿದದ್ದು ಇಲ್ಲಿ. ಇದು ಬಯಲು ರಂಗಮಂದಿರ, ಕಡಲೆಕಾಯಿ ತಿಂದದ್ದು ಈ ಮೆಟ್ಟಿಲ ಮೇಲೆ. ಇದು ಲೈಬ್ರರಿ, ಮಧ್ಯಾಹ್ನ ಇದರಾಚೆಯ ನೆರಳು ಬಹಳ ಚೆನ್ನಾಗಿರುತ್ತದೆ. ಮಗಳು ಎಲ್ಲವನ್ನೂ ಶ್ರದ್ಧೆಯಿಂದ ನೋಡಿ, "ಅಮ್ಮಾ, ಕ್ಲಾಸ್ ರೂಮು?" ಎಂದಳು. "ಆ ಕಡೆ ಎಲ್ಲೋ" ಎಂದು ಕೈ ಬೀಸಿದೆ.

1905ರಲ್ಲಿ ಚಾಮರಾಜ ಒಡೆಯರ ಹಿರಿಯ ಮಗಳು ಜಯಲಕ್ಷಮ್ಮಣ್ಣಿಯವರಿಗಾಗಿ ಕಟ್ಟಿದ ಜಯಲಕ್ಷ್ಮೀವಿಲಾಸ ಇದೇ ಆವರಣದಲ್ಲಿದೆ. "ಅವರ ಮನೆಯವರು ಮಗಳಿಗೆ ಇಷ್ಟು ದೊಡ್ಡ ಬಂಗಲೆ ಕೊಟ್ಟರು. ನೀವು ಹಾಸ್ಟೆಲ್ ಫೀಸಿಗೇ ಮುಖ ಸಿಂಡರಿಸ್ತೀರಿ" ಎಂಬ ಟೀಕೆ ಬಂತು. ಆಮೇಲೆ ಅದು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯವಾಯಿತು. ತೊಗಲುಬೊಂಬೆ, ಸೋಮನ ಮುಖವಾಡಗಳ ಮಾತು ಬಂದಾಗ ನನಗೆ ನೆನಪಾದದ್ದು ಚಾಮರಾಜನಗರದ ಕಡೆಯ ಗೆಳತಿ. ಜಾನಪದದ ಪತ್ರಿಕೆಗೆಂದು ನಾವು ಮಂಟೇಸ್ವಾಮಿ ಕಾವ್ಯದ ನೋಟ್ಸ್ ಉರುಹೊಡೆಯುತ್ತಿದ್ದರೆ ಅವಳು ನಕ್ಕು, ಅಜ್ಜನಿಂದ ಕಲಿತದ್ದನ್ನು ಹಾಸ್ಟೆಲಿನ ತಾರಸಿಯ ಮೇಲೆ ಹಾಡಿಬಿಟ್ಟಳು. ಅವಳ ಅಜ್ಜ ನೀಲಗಾರರು. ಆ ಪತ್ರಿಕೆಯಲ್ಲಿ ಎಷ್ಟು ಅಂಕ ಬಂತೋ ಮರೆತಿದ್ದೇನೆ. ಹಾಡಿನ ಮಟ್ಟು ಇವತ್ತೂ ಬಾಯಿಗೆ ಬರುತ್ತದೆ. ನನ್ನ ನಕ್ಷೆಯಲ್ಲಿ ಕ್ಲಾಸ್ ರೂಮು ಕಾಣೆಯಾದದ್ದಕ್ಕೆ ಕಾರಣ ಸೋಮಾರಿತನ ಮಾತ್ರವಲ್ಲ ಎಂದು ಮಗಳಿಗೆ ಹೇಳಬೇಕೆನಿಸಿತು. ತಾಯಂದಿರು ಹೇಳುವ ಮಾತಲ್ಲವೆಂದು ಸುಮ್ಮನಾದೆ.

ಸಂಜೆ ಕುಕ್ಕರಹಳ್ಳಿ ಕೆರೆ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಕಟ್ಟಿಸಿದ್ದು. ಏರಿಯ ಮೇಲಿನ ದೊಡ್ಡ ಮರದ ಕೆಳಗೆ ನಿಂತು, "ಇದ್ಯಾವ ಮರ ಹೇಳು ನೋಡೋಣ" ಎಂದಳು ಮಗಳು. "ನಾವು ಕೂರ್ತಿದ್ದ ಮರ" ಎಂದೆ. ಮಳೆಮರವಂತೆ. ನೀರಿನ ಕಡೆ ಕೈ ತೋರಿಸಿ ಹೆಜ್ಜಾರ್ಲೆ, ನೀರುಕಾಗೆ, ಹಾವಕ್ಕಿ ಎಂದು ಒಂದೊಂದನ್ನೇ ಗುರುತಿಸಿದಳು. ಎಂ.ಎ. ಓದಿದಷ್ಟು ಕಾಲವೂ ಈ ಕೆರೆಯಲ್ಲಿ ನಾನು ಕಂಡದ್ದು ಬರೀ ಕೊಕ್ಕರೆ. ಹೆಜ್ಜಾರ್ಲೆ ಕೊಕ್ಕಿನ ಚೀಲವನ್ನು ಬಲೆ ಮಾಡಿ ಮೀನನ್ನು ನೀರಿನ ಸಮೇತ ಮೊಗೆದು, ನೀರು ಚೆಲ್ಲಿ ಮೀನು ನುಂಗುವುದನ್ನು ಅವಳು ವಿವರಿಸುತ್ತಿದ್ದಾಗ ಗೈಡಿನ ಕೆಲಸ ನನ್ನ ಕೈತಪ್ಪಿದ್ದು ಖಚಿತವಾಯಿತು. ನನಗೇನೂ ಬೇಸರವಾಗಲಿಲ್ಲ. ನನ್ನ ಗಂಗೋತ್ರಿಯಲ್ಲಿದ್ದವರೆಲ್ಲ ಎಲ್ಲೆಲ್ಲೋ ಸಂಸಾರ ಹೂಡಿದ್ದಾರೆ. ಅವರಿಲ್ಲದ ಕಟ್ಟೆಯನ್ನು ತೋರಿಸಿ ಇವಳಿಗೆ ಆಗಬೇಕಾದ್ದೇನು? ಇವಳ ಕಟ್ಟೆ ಬೇರೆ, ಇವಳ ಹಾಡುವ ಗೆಳತಿ ಬೇರೆ. ಅವರನ್ನು ಹುಡುಕಿಕೊಳ್ಳಲು ಪುರುಸೊತ್ತು ಸಿಕ್ಕರೆ ಸಾಕು.

ಸೀಟು ಸಿಕ್ಕಿತು. ದಾಖಲಾತಿಯ ದಿನ ಗುಮಾಸ್ತರು ಒಂದು ಮುಚ್ಚಳಿಕೆ ಮುಂದಿಟ್ಟರು. ನನ್ನ ಮಗಳು ಎಲ್ಲ ತರಗತಿಗಳಿಗೂ ತಪ್ಪದೆ ಹೋಗುತ್ತಾಳೆ, ಹಾಜರಾತಿ ಶೇ. 75ಕ್ಕಿಂತ ಕಡಿಮೆಯಾಗದಂತೆ ನೋಡಿಕೊಳ್ಳುವುದು ಪೋಷಕಳಾದ ನನ್ನ ಹೊಣೆ ಎಂದಿತ್ತು. ಎರಡೆರಡು ಸಲ ಓದಿ ಸಹಿ ಹಾಕಿದೆ. ಮಗಳು ಪಕ್ಕದಲ್ಲೇ ನಿಂತು ನೋಡುತ್ತಿದ್ದಳು. ಗುಮಾಸ್ತರ ಎದುರಿಗೆ ನಗಲಿಲ್ಲ. ಅಷ್ಟು ಸಂಸ್ಕಾರ ನಾವು ಕಲಿಸಿದ್ದೇವೆ.