ಹಡಗು ಕಬಿನಿಯದು, ಊಟ ಚಿಕ್ಕಮ್ಮನದು

ಫ್ಲೋರಿಡಾದಲ್ಲಿ ವಿಹಾರದ ಹಡಗು ಹತ್ತುವ ಮುಂಚೆ ಜನ ಡಿಸ್ನಿ ವರ್ಲ್ಡ್ ಸುತ್ತಿಬರುತ್ತಾರಂತೆ. ಹುಣಸೂರಿನವರಿಗೇನು ಕಮ್ಮಿ? ಎಚ್.ಡಿ. ಕೋಟೆ ಕಡೆ ಕಬಿನಿ ಹಿನ್ನೀರಿನ ದೋಣಿ ಸಫಾರಿ, ಮೈಸೂರಿನಲ್ಲಿ ಜಿಆರ್‌ಎಸ್ ಫ್ಯಾಂಟಸಿ ಪಾರ್ಕ್. ಅವರ ಹಡಗಿನಿಂದ ಆನೆ ಕಾಣುವುದಿಲ್ಲ. ಇಲ್ಲಿ ಬೇಸಿಗೆಯಲ್ಲಿ ಹಿಂಡುಹಿಂಡೇ ನೀರಿಗಿಳಿಯುತ್ತವೆ.

ಈ ಪ್ರವಾಸದಲ್ಲಿ ಉಳಿತಾಯದ ಕೀಲಿ ಹೆಂಗಸರ ಕೈಲಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆ. ಕೆಂಪು ಬಸ್ಸಿನಲ್ಲಿ ಅತ್ತೆ, ಸೊಸೆ, ಮಗಳಿಗೆ ಸೊನ್ನೆ ರೂಪಾಯಿ ಟಿಕೆಟ್. ಕಂಡಕ್ಟರು ಯಜಮಾನರತ್ತ ಮಾತ್ರ ಕೈ ಚಾಚುತ್ತಾರೆ. "ನೀವು ಮನೇಲೇ ಇದ್ದುಬಿಡಿ, ಅದೂ ಉಳಿಯುತ್ತೆ" ಎಂದು ನಮ್ಮ ಮನೆಯಾಕೆಯ ಸಲಹೆ.

ಆಟದ ಪಾರ್ಕುಗಳಲ್ಲಿ ಮಕ್ಕಳ ಟಿಕೆಟ್ಟಿಗೆ ವಯಸ್ಸಿಗಿಂತ ಎತ್ತರವೇ ಮುಖ್ಯ. ಉದ್ದ ಬೆಳೆಯಲೆಂದು ವರ್ಷವಿಡೀ ಹಾರ್ಲಿಕ್ಸ್ ಕುಡಿಸಿದ ತಾಯಿಯೇ ಗೇಟಿನಲ್ಲಿ "ಚೂರು ಮಂಡಿ ಬಗ್ಗಿಸೋ ಕಂದ" ಅನ್ನುತ್ತಾಳೆ. ವಾರದ ದಿನ ಹೋದರೆ ಜನ ಕಮ್ಮಿ, ಸರದಿಯೂ ಚಿಕ್ಕದು. ಮೇಷ್ಟ್ರಿಗೆ ಹೇಳಲು ಜ್ವರವೊಂದು ಬೇಕು, ಅಷ್ಟೆ.

ರಾತ್ರಿಗೆ ಲಾಡ್ಜ್ ಏಕೆ? ಕೆ.ಆರ್. ನಗರದಲ್ಲಿ ಚಿಕ್ಕಮ್ಮ ಇದ್ದಾರೆ. ಹಂಡೆ ತುಂಬ ಬಿಸಿನೀರು, ಮುದ್ದೆ, ಉಪ್ಸಾರು, ಬಾಡಿಗೆ ಇಲ್ಲ. ಹೊರಡುವಾಗ ಬಾಗಿಲಲ್ಲಿ ನಿಂತು ಅಂದರು:

"ಪಿರಿಯಾಪಟ್ಟಣದಾಚೆ ಬೈಲುಕುಪ್ಪೆಯ ಗೋಲ್ಡನ್ ಟೆಂಪಲ್ ನೋಡ್ಬೇಕು ಮಗ. ನಾವು ಹನ್ನೊಂದು ಜನ ಆಯ್ತೀವಿ. ದಾರೀಲೇ ಹುಣಸೂರಲ್ಲಿ ನಿಮ್ಮನೆ ಇರುವಾಗ ಲಾಡ್ಜಿಗ್ಯಾಕೆ ದುಡ್ಡು ದಂಡ?"